ಸುಗ್ಗಿ ಹಬ್ಬದ ಬೆಲ್ಟು

ಬೆಲ್ಟಿಲ್ಲದೆ ಪ್ಯಾಂಟು ತೊಟ್ಟ ಗಂಡಸನ್ನು ನಾನು ಅರವತ್ತು ವರ್ಷ ಅರ್ಧ ಬಟ್ಟೆ ಹಾಕಿಕೊಂಡವನೆಂದೇ ತಿಳಿದಿದ್ದೆ. ಮದುವೆಯ ಮನೆಯಲ್ಲಿ, ಬ್ಯಾಂಕಿನ ಸರದಿಯಲ್ಲಿ, ಮಣ್ಣಿಗೆ ಹೋದಲ್ಲಿ ಕೂಡ ನನ್ನ ಕಣ್ಣು ಮೊದಲು ಎದುರಿನವನ ಸೊಂಟಕ್ಕೆ ಹೋಗುತ್ತಿತ್ತು. ಅಲ್ಲಿ ಬೆಲ್ಟು ಇದ್ದರೆ ಆಮೇಲೆ ಮುಖ ನೋಡುತ್ತಿದ್ದೆ.

ಐದಕ್ಕೆ ಏಳುವುದು, ಐದೂಕಾಲಕ್ಕೆ ಗಡ್ಡ, ಐದೂವರೆಗೆ ಸ್ನಾನ, ಆರಕ್ಕೆ ಪ್ರಾರ್ಥನೆ, ಆರೂಕಾಲಕ್ಕೆ ಬಾಗಿಲ ಹಿಂದಿನ ಮೊಳೆಯಿಂದ ಬೆಲ್ಟು. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಲೇಥ್ ವಿಭಾಗದ ಫೋರ್‌ಮನ್ ಆಗಿದ್ದೆ. ನಿವೃತ್ತನಾಗಿ ಹದಿನಾರು ವರ್ಷವಾದರೂ ಈ ವೇಳಾಪಟ್ಟಿ ಐದು ನಿಮಿಷ ಸರಿದಿರಲಿಲ್ಲ. ಎಲ್ಲಿಗೂ ಹೋಗುವುದಿಲ್ಲದ ದಿನವೂ ಬೆಲ್ಟು ಬಿಗಿದು ಕೇಶ್ವಾಪುರದ ಮನೆಯ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಪೇಪರ್ ಓದಲು ಕೂತಿದ್ದೀರೋ ಪರೇಡಿಗೆ ಹೊರಟಿದ್ದೀರೋ ಎಂದು ಹೆಂಡತಿ ಕೇಳುತ್ತಿದ್ದಳು. ನಾನು ಪೇಪರಿನ ಹಾಳೆ ಮಗುಚುತ್ತಿದ್ದೆ.

ಈಗ ಎರಡು ತಿಂಗಳಿಂದ ಆ ಬೆಲ್ಟು ಮೊಳೆಯ ಮೇಲೇ ಇದೆ. ನನಗೆ ಸಿಟ್ಟು ಬಂದಿದೆ. ಬಂದದ್ದು ಇಳಿದಿಲ್ಲ. ಇಳಿಸಿಕೊಳ್ಳಲೆಂದು ಬರೆಯುತ್ತಿಲ್ಲ, ಯಾರ ಮೇಲೆ ಬಂತು ಎಂಬುದು ಕ್ರಮವಾಗಿ ಗೊತ್ತಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಬೋರ್ಡಿಂಗಿನ ವಿಷಯ ಹೇಳಬೇಕು. ಧಾರವಾಡದ ಮಿಶನ್ ಬೋರ್ಡಿಂಗಿನಲ್ಲಿ ನಾನು ಎಂಟು ವರ್ಷ ಇದ್ದೆ. ಬೆಳಿಗ್ಗೆ ಆರೂವರೆಗೆ ತಪಾಸಣೆ. ಎರಡು ಸಾಲಾಗಿ ನಿಲ್ಲಬೇಕು. ಉಗುರು, ತಲೆ, ಕಾಲರು, ಕೊನೆಗೆ ಬೆಲ್ಟು. ಬಕಲ್ಲು ಅಂಗಿಯ ಗುಂಡಿಗಳ ನೇರಕ್ಕೆ ಬರಬೇಕು. ಒಂದು ಬೆರಳು ಆಚೀಚೆ ಆದರೂ ಹೆಸರು ಬರೆಯಲಾಗುತ್ತಿತ್ತು. ಬಕಲ್ಲನ್ನು ಹುಣಸೆಹಣ್ಣು ಹಚ್ಚಿ ಬೂದಿಯಲ್ಲಿ ಉಜ್ಜುತ್ತಿದ್ದೆವು. ಪ್ರತಿ ಜೂನ್‌ನಲ್ಲಿ ಒಬ್ಬ ಹುಡುಗನಿಗೆ ಒಂದು ಬೆಲ್ಟು. ಕಳೆದುಕೊಂಡರೆ ಮುಂದಿನ ಜೂನ್‌ವರೆಗೆ ಇನ್ನೊಂದಿಲ್ಲ. ಬೆಲ್ಟಿಲ್ಲದೆ ಬಂದ ಹುಡುಗನಿಗೆ ಶಿಕ್ಷೆ ಹೊಡೆತವಲ್ಲ. ಹೊಡೆತವಾಗಿದ್ದರೆ ಚೆನ್ನಾಗಿತ್ತು. ಎಲ್ಲರೂ ಗಂಜಿ ಕುಡಿಯುವಾಗ ಅವನು ಊಟದ ಕೋಣೆಯ ನಡುವೆ ಎರಡೂ ಕೈಯಿಂದ ಚಡ್ಡಿ ಹಿಡಿದುಕೊಂಡು ನಿಲ್ಲಬೇಕು. ಕೈ ಬಿಟ್ಟರೆ ಚಡ್ಡಿ ಇಳಿಯುತ್ತದೆ, ಬಿಡದಿದ್ದರೆ ಗಂಜಿ ಕುಡಿಯಲಾಗುವುದಿಲ್ಲ. ಗಂಟೆ ಬಾರಿಸಿದ ಮೇಲೆ ಎಲ್ಲರೊಂದಿಗೆ ಶಾಲೆಗೆ ಹೋಗಬೇಕು. ಅವನ ಗಂಜಿ ಬಟ್ಟಲಲ್ಲೇ ಉಳಿಯುತ್ತಿತ್ತು.

ಹೆಸರು ಬರೆಯುವ ಮಾನಿಟರ್ ನಾನಾಗಿದ್ದೆ.

ನನ್ನ ಹಾಸಿಗೆಯ ಪಕ್ಕದ ಹಾಸಿಗೆಯವನು ನವಲಗುಂದ ಕಡೆಯ ಒಂದು ಹಳ್ಳಿಯ ಹುಡುಗ. ಅವನ ಅಪ್ಪ ಮೂಟೆ ಹೊರುವವನು. ಒಂದು ರವಿವಾರ ಮಗನನ್ನು ನೋಡಲು ಬಂದಾಗ ಆ ಅಪ್ಪನಿಗೆ ಸೊಂಟ ಹಿಡಿದಿತ್ತು, ಗೋಡೆ ಹಿಡಿದು ನಡೆಯುತ್ತಿದ್ದ. ಹುಡುಗ ತನ್ನ ಬೆಲ್ಟು ಬಿಚ್ಚಿ ಅಪ್ಪನ ಸೊಂಟಕ್ಕೆ ಬಿಗಿದು ಕಳಿಸಿಬಿಟ್ಟ. ಇದನ್ನು ಅವನು ಅಂದು ಸಂಜೆಯೇ ನನಗೆ ಹೇಳಿದ. ಮರುದಿನ ಬೆಳಿಗ್ಗೆ ನಾನು ಅವನ ಹೆಸರಿನ ಮುಂದೆ ‘ಬೆಲ್ಟ್ ಇಲ್ಲ’ ಎಂದು ಬರೆದೆ. ಪುಸ್ತಕದಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೇ? ಗೊತ್ತಿಲ್ಲ. ಹನ್ನೊಂದು ದಿನ ಬರೆದೆ. ಹನ್ನೊಂದು ದಿನ ಅವನು ಎರಡೂ ಕೈಯಲ್ಲಿ ಚಡ್ಡಿ ಹಿಡಿದು ನಿಂತ. ನನ್ನ ಬಟ್ಟಲು ಅವನ ಎದುರಿಗೇ ಇರುತ್ತಿತ್ತು.

ಬೋರ್ಡಿಂಗಿನಲ್ಲಿ ಬಡಗಿ ಕೆಲಸವನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದರು. ಹನ್ನೆರಡನೆಯ ದಿನ ಅವನು ಹೊಲಿಗೆ ತರಗತಿಗೆ ಹೋಗಿ ಚಡ್ಡಿಯ ಎರಡು ಪಕ್ಕಕ್ಕೂ ಒಂದೊಂದು ಚಿಕ್ಕ ಪಟ್ಟಿ ಹೊಲಿದು, ಎಳೆದು ಗುಂಡಿ ಹಾಕುವ ಹಾಗೆ ಮಾಡಿಕೊಂಡು ಬಂದ. ಚಡ್ಡಿ ಇಳಿಯಲಿಲ್ಲ. ವಾರ್ಡನ್ ಎರಡು ಸಲ ಎಳೆದು ನೋಡಿದರು, ಆಗಲೂ ಇಳಿಯಲಿಲ್ಲ. ಆ ದಿನ ಅವನು ಮೂರು ಬಟ್ಟಲು ಗಂಜಿ ಕುಡಿದ. ಆಮೇಲೆ ಅವನು ಹೊಲಿಗೆಯನ್ನು ಬಿಡಲೇ ಇಲ್ಲ. ನಲವತ್ತು ವರ್ಷದ ಮೇಲಾಯಿತು, ಗೋಕುಲ ರಸ್ತೆಯಲ್ಲಿ ಪಂಕ್ಚರ್ ಅಂಗಡಿಗೆ ಅಂಟಿಕೊಂಡು ಅವನ ಹೊಲಿಗೆಯಂಗಡಿ ಇದೆ. ನಾನು ಅವನನ್ನು ಟೇಲರ್ ಎಂದು ಕರೆಯುತ್ತೇನೆ. ಅವನು ನನ್ನನ್ನು ಇವತ್ತಿಗೂ ಮಾನಿಟರ್ ಎನ್ನುತ್ತಾನೆ.

ಅವನು ತನಗಾಗಿ ಹೊಲಿದುಕೊಂಡ ಪ್ಯಾಂಟಿಗೆ ಬೆಲ್ಟು ತೂರಿಸುವ ಲೂಪು ಇರುವುದಿಲ್ಲ. ಗಿರಾಕಿ ಕೇಳಿದರೆ ಹಾಕಿ ಕೊಡುತ್ತಾನೆ, ಆದರೆ ಎರಡು ಮಾತು ಆಡದೆ ಕೊಡುವುದಿಲ್ಲ. ಅಳತೆ ಸರಿಯಾಗಿ ತೆಗೆದು, ಸೊಂಟದ ಪಟ್ಟಿಯನ್ನು ಎಲುಬಿನ ಮೇಲೆ ಕೂರುವಂತೆ ಕತ್ತರಿಸಿದರೆ ಪ್ಯಾಂಟು ತಾನಾಗಿ ನಿಲ್ಲುತ್ತದೆ ಎಂಬುದು ಅವನ ವಾದ. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತಾಗಲೆಲ್ಲ ಈ ಜಗಳ. ಲೇಥಿನ ಮುಂದೆ ನಿಲ್ಲುವವನ ಅಂಗಿ ಸಡಿಲವಿದ್ದರೆ ತಿರುಗುವ ಭಾಗಕ್ಕೆ ಸಿಕ್ಕಿ ಹೊಟ್ಟೆಯ ಚರ್ಮ ಹೋಗುತ್ತದೆ, ಅದಕ್ಕೇ ಅಂಗಿ ಒಳಗೆ, ಮೇಲೆ ಬೆಲ್ಟು ಎಂದು ನಾನು ಹೇಳುತ್ತಿದ್ದೆ. ಅವನು ಮಷೀನಿನ ಗಾಲಿಗೆ ಸುತ್ತಿದ ಚರ್ಮದ ಪಟ್ಟಿಯನ್ನು ಕಾಲಿನಿಂದ ತೋರಿಸಿ, ಬೆಲ್ಟು ಬೇಕಾಗುವುದು ಇದಕ್ಕೆ, ಮನುಷ್ಯನಿಗಲ್ಲ ಎನ್ನುತ್ತಿದ್ದ.

“ಬೆಲ್ಟ್ ಅಂದ್ರ ಏನ್ ಗೊತ್ತೇನ ಮಾನಿಟರ್? ಟೇಲರ್ ಮಾಡಿದ ತಪ್ಪಿಗೆ ಗಿರಾಕಿ ಕಟ್ಟೋ ದಂಡ.”

ಈ ಮಾತನ್ನು ಅವನು ಕಡಿಮೆಯೆಂದರೆ ಐದುನೂರು ಸಲ ಹೇಳಿದ್ದಾನೆ.

ಇನ್ನು ನಮ್ಮ ಕ್ರೈಸ್ತ ಸಭೆಯ ವಿಷಯ. ನಮ್ಮ ದೇವಾಲಯದಲ್ಲಿ ಕಾಣಿಕೆ ಎತ್ತುವುದು ಮಖಮಲ್ಲಿನ ಚೀಲದಲ್ಲಿ. ಚೀಲ ಒಂದು ಉದ್ದ ಕೋಲಿನ ತುದಿಗಿರುತ್ತದೆ. ಬೆಂಚಿನ ಆಚೆ ತುದಿಯವರೆಗೂ ಮುಟ್ಟಬೇಕಾದ್ದರಿಂದ ಕೋಲನ್ನು ಎರಡೂ ಕೈಯಿಂದ ಹಿಡಿಯಬೇಕು. ಸುಗ್ಗಿ ಹಬ್ಬದ ರವಿವಾರ ಮಾತ್ರ ಚೀಲ ಹಿಡಿಯುವ ಹಕ್ಕು ಬೋರ್ಡಿಂಗಿನ ಹಳೆಯ ಹುಡುಗರದ್ದು. ಮೊದಲು ನಾವು ಹದಿನಾರು ಜನ ಇದ್ದೆವು, ಸರದಿಯ ಮೇಲೆ ಹಿಡಿಯುತ್ತಿದ್ದೆವು. ಈಗ ನಾಲ್ಕು ಜನ ಉಳಿದಿದ್ದೇವೆ, ಚೀಲವೂ ನಾಲ್ಕು. ಜೋಳದ ದಂಟು, ಕುಂಬಳಕಾಯಿ, ಕೋಳಿ, ತತ್ತಿ ಎಲ್ಲ ವೇದಿಕೆಯ ಮುಂದೆ ಇಟ್ಟಿರುತ್ತಾರೆ. ಅದರ ನಡುವೆ ನಾಲ್ಕು ಮುದುಕರು ಕೋಲು ಹಿಡಿದು ನಡೆದು ಬರುವುದನ್ನು ನೋಡಲೆಂದೇ ಬೇರೆ ಊರಿಗೆ ಹೋದವರು ಆ ದಿನ ಬರುತ್ತಾರೆ.

ಬಹಳ ವರ್ಷದ ಹಿಂದೆ ಒಂದು ಸುಗ್ಗಿ ಹಬ್ಬದಲ್ಲಿ ನಮ್ಮೊಬ್ಬ ಹಿರಿಯರ ಪ್ಯಾಂಟು ಮೂರನೆಯ ಬೆಂಚಿನ ಹತ್ತಿರ ಇಳಿಯತೊಡಗಿತು. ಎರಡೂ ಕೈ ಕೋಲಿನ ಮೇಲೆ. ಬಿಡುವಂತಿಲ್ಲ, ಚೀಲ ತುಂಬಿದೆ. ಅವರು ಮೊಳಕಾಲು ಒತ್ತಿ ಹಿಡಿದು ಬಾತುಕೋಳಿಯ ಹಾಗೆ ವೇದಿಕೆಯವರೆಗೆ ನಡೆದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಾಯನ ತಂಡದ ಅರ್ಧ ಜನ ಹಾಡುವುದನ್ನೇ ನಿಲ್ಲಿಸಿದರು. ಮರುದಿನವೇ ನಾನು ಒಂದು ಹಾಳೆಯಲ್ಲಿ ಏಳು ನಿಯಮ ಬರೆದೆ. ನಾಲ್ಕನೆಯದು ಹೀಗಿತ್ತು: ‘ಕಪ್ಪು ಬೆಲ್ಟು ಕಡ್ಡಾಯ. ಯಾರಿಗೂ ವಿನಾಯಿತಿ ಇಲ್ಲ.’ ಕೆಳಗೆ ಸಹಿ ಮಾಡಿದೆ. ಕಮಿಟಿ ಒಪ್ಪಿತು. ಹಾಳೆಗೆ ಚೌಕಟ್ಟು ಹಾಕಿಸಿ ಚೀಲದ ಕೋಣೆಯಲ್ಲಿ ನೇತುಹಾಕಿದರು.

ಟೇಲರ್ ಆ ಹಾಳೆಯನ್ನು ನಿಂತು ಓದಿ ಹೋದ. ಮುಂದಿನ ಸುಗ್ಗಿ ಹಬ್ಬದ ಹಿಂದಿನ ದಿನ ನಾನು ಅವನ ಅಂಗಡಿಗೆ ಹೋದಾಗ ತನ್ನ ಕರಿ ಪ್ಯಾಂಟಿಗೆ ಐದು ಲೂಪು ಇಟ್ಟು ಕಚ್ಚಾ ಹೊಲಿಗೆ ಹಾಕುತ್ತಿದ್ದ. ರವಿವಾರ ಬೆಲ್ಟು ಕಟ್ಟಿಕೊಂಡು ಬಂದ, ಚೀಲ ಹಿಡಿದ. ಸೋಮವಾರ ದಾರ ಎಳೆದು ಲೂಪು ತೆಗೆದ. ಪ್ರತಿ ವರ್ಷ ಹೀಗೆಯೇ ನಡೆಯಿತು. ಶನಿವಾರ ಹಾಕುವುದು, ಸೋಮವಾರ ಬಿಚ್ಚುವುದು. ವರ್ಷಕ್ಕೆ ಒಂದು ದಿನವಾದರೂ ನಾನು ಗೆದ್ದೆ ಎಂದು ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಇದನ್ನು ಬರೆಯುವಾಗ ನನಗೆ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಈ ವರ್ಷದ ಮಳೆಗಾಲದಲ್ಲಿ ಟೇಲರ್‌ಗೆ ಕರುಳಿನ ಆಪರೇಶನ್ ಆಯಿತು. ಹೊಕ್ಕುಳ ಮೇಲಿಂದ ಕೆಳಗಿನವರೆಗೆ ಕೊಯ್ದಿದ್ದರು. ಆಪರೇಶನ್‌ಗೆ ಒಳಗೆ ಕರೆದೊಯ್ಯುವ ಮುಂಚೆ ಅವನು ನನ್ನ ಕೈ ಹಿಡಿದು, ಎದ್ದು ಬಂದರೆ ಸುಗ್ಗಿ ಹಬ್ಬಕ್ಕೆ ಚೀಲ ಹಿಡಿಯುತ್ತೇನೆಂದು ದೇವರಿಗೆ ಹೇಳಿದ್ದೇನೆ ಎಂದ. ಹೆಂಡತಿಗೆ ಹೇಳಿರಲಿಲ್ಲ, ನನಗೆ ಹೇಳಿದ. ಎದ್ದು ಬಂದ. ಆದರೆ ಹದಿನಾಲ್ಕು ಕಿಲೋ ಇಳಿದಿದ್ದ. ಒಂದು ವರ್ಷ ಹೊಟ್ಟೆಯ ಮೇಲೆ ಬಿಗಿಯಾದದ್ದು ಏನೂ ಬೇಡ, ಲುಂಗಿಯ ಗಂಟು ಕೂಡ ಬೇಡ ಎಂದು ಡಾಕ್ಟರ್ ಹೇಳಿದರು.

ಹಬ್ಬದ ಹಿಂದಿನ ಮಂಗಳವಾರ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಚೀಲ ಹಿಡಿಯುವವರ ಪಟ್ಟಿ ಬಂತು. ನಾಲ್ಕು ಹೆಸರಿನಲ್ಲಿ ಟೇಲರ್‌ನದು ಇರಲಿಲ್ಲ. ಆ ಜಾಗದಲ್ಲಿ ಯುವಕರ ಸಂಘದ ಒಬ್ಬನ ಹೆಸರು. ಪಟ್ಟಿಯ ಕೆಳಗೆ ನನ್ನ ಹಾಳೆಯ ಫೋಟೋ, ಸಹಿ ಸಮೇತ.

ಟೇಲರ್‌ಗೆ ಫೋನ್ ಮಾಡಿ ಕೇಳಿದೆ. ಅವನು ತಾನೇ ಸಭೆಯ ಕಾರ್ಯದರ್ಶಿಗೆ, ಈ ವರ್ಷ ಬೆಲ್ಟು ಕಟ್ಟಲಾಗುವುದಿಲ್ಲ, ನಡೆಯುತ್ತದೆಯೇ ಎಂದು ಪ್ರಾಮಾಣಿಕವಾಗಿ ಕೇಳಿದ್ದ. ಈ ವರ್ಷ ವಿಶ್ರಾಂತಿ ತಗೊಳ್ಳಿ ಎಂಬ ಉತ್ತರ ಬಂದಿತ್ತು.

ನಮ್ಮ ಕಾರ್ಯದರ್ಶಿ ಮೂವತ್ತೈದರ ಯುವಕ. ಚಿಕ್ಕವನಿದ್ದಾಗ ನನ್ನ ರವಿವಾರದ ಶಾಲೆಯಲ್ಲಿ ಕಲಿತವನು. ಒಳ್ಳೆಯವನು. ಒಳ್ಳೆಯವನಲ್ಲದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅಂದೇ ಸಂಜೆ ಮನೆಗೆ ಕರೆಸಿದೆ. ಸರಿಯಾಗಿ ಹೇಳಿದ ಹೊತ್ತಿಗೆ ಬಂದ, ಚಪ್ಪಲಿ ಜೋಡಿಸಿ ಬಿಟ್ಟ, ಫೋನಿನಲ್ಲಿ ಹಾಳೆ ತೆರೆದು ನನ್ನ ಮುಂದೆ ಹಿಡಿದ.

“ಕಾಕಾ, ಸಹಿ ಯಾರದೈತಿ ನೋಡ್ರಿ.”

“ನಂದ.”

“ಇವತ್ತ ಒಬ್ಬರಿಗೆ ಬಿಟ್ರ ನಾಳಿ ಹುಡುಗೂರು ಹರದ ಜೀನ್ಸ್ ಹಾಕ್ಕೊಂಡ ಚೀಲ ಹಿಡೀತಾರ. ಇದು ನನ್ನ ಮಾತಲ್ರಿ. ನೀವ ನಮಗ ಹೇಳಿದ್ದು.”

ಹೌದು, ನಾನೇ ಹೇಳಿದ್ದೆ. ಅದೇ ಧ್ವನಿಯಲ್ಲಿ ಹೇಳಿದ್ದೆ. ಮನುಷ್ಯನ ಹೊಟ್ಟೆ ಕೊಯ್ದಿದ್ದಾರೆ, ಅದೂ ಇದೂ ಒಂದೇ ಏನು ಎಂದು ಕೂಗಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಮೆತ್ತಗೆ, ವಿನಾಯಿತಿ ಇಲ್ಲ ಎಂದು ಬರೆದಿದೆಯಲ್ಲ ಕಾಕಾ, ಕಾಯಿಲೆಯಾದವರನ್ನು ಬಿಟ್ಟು ಎಂದು ಬರೆದಿಲ್ಲವಲ್ಲ ಎಂದ. ಕಾರಣ ಬರೆಯಲು ಜಾಗವಿಲ್ಲದ ಆ ಹಳೆಯ ಪುಸ್ತಕವನ್ನು ನಾನು ಇನ್ನೊಂದು ಸಲ ತಯಾರು ಮಾಡಿ ಇವನ ಕೈಗೆ ಕೊಟ್ಟಿದ್ದೆ.

ಬುಧವಾರ ಕಮಿಟಿಯ ಮುಂದೆ ಹೋದೆ. ನಾಲ್ಕನೆಯ ನಿಯಮ ತೆಗೆಯಿರಿ ಎಂದೆ. ನಿಯಮ ಬದಲಿಸಲು ಇಡೀ ಸಭೆಯ ಒಪ್ಪಿಗೆ ಬೇಕು, ಆ ಕೂಟ ನಡೆಯುವುದು ಮಾರ್ಚಿನಲ್ಲಿ ಎಂದರು. ಈ ಪದ್ಧತಿ ಕೂಡ ನಾನು ಕಮಿಟಿಯಲ್ಲಿದ್ದಾಗ ಬಂದದ್ದು. ಒಬ್ಬರು ಹಿರಿಯರು ಸಮಾಧಾನ ಮಾಡಲು, ಅರ್ಧ ಗಂಟೆಯ ಕೆಲಸ, ಸಡಿಲವಾಗಿ ಕಟ್ಟಿಕೊಂಡರಾಯಿತಲ್ಲ ಎಂದರು. ಸಡಿಲವಾಗಿ ಕಟ್ಟುವ ಬೆಲ್ಟು ಏನನ್ನು ಹಿಡಿದಿರುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಒರೆಸತೊಡಗಿದರು. ಮೇಜು ಗುದ್ದಿ ಎದ್ದು ಬಂದೆ. ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಸಭೆ ಮುಗಿಯುವ ಮುಂಚೆ ಎದ್ದು ಬಂದದ್ದು ಅದೊಂದೇ ಸಲ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರನ್ನೂ ಬೈದೆ. ಅವಳು ಕೈ ನಿಲ್ಲಿಸಲಿಲ್ಲ.

“ಅವರಿಗ್ಯಾಕ ಬೈತೀರಿ? ನೀವು ಬರದದ್ದ ಅವರು ಓದ್ಯಾರ.”

ಊಟ ಮಾಡದೆ ಮಲಗಿದೆ. ಅದೂ ವೇಳಾಪಟ್ಟಿಯಲ್ಲಿಲ್ಲದ್ದು.

ಗುರುವಾರ ಬೆಳಿಗ್ಗೆ ಟೇಲರ್ ಮನೆಗೆ ಹೋದೆ. ಮನೆ ಅಂಗಡಿಯ ಹಿಂದೆಯೇ. ಅವನು ಮಂಚದ ಮೇಲೆ ದಿಂಬಿಗೆ ಒರಗಿ ಯಾವುದೋ ಕರಿ ಬಟ್ಟೆಯನ್ನು ಸೂಜಿಯಲ್ಲಿ ಹೊಲಿಯುತ್ತಿದ್ದ. ನಾನು ಕಮಿಟಿಯ ಕತೆ ಹೇಳಿದೆ. ನಿನ್ನ ಹೆಸರಿಲ್ಲದಿದ್ದರೆ ನಾನೂ ಚೀಲ ಹಿಡಿಯುವುದಿಲ್ಲ ಎಂದೆ. ಅವನು ದಾರ ಕಡಿದು ನಕ್ಕ.

“ಚಿಂತಿ ಬಿಡಪಾ ಮಾನಿಟರ್. ರವಿವಾರ ಬೆಲ್ಟ್ ಹಾಕ್ಕೊಂಡ ಬರತೇನಿ.”

“ಹುಚ್ಚ ಹಿಡದದ ಏನಲೇ ನಿನಗ? ಡಾಕ್ಟರ್ ಏನ ಹೇಳ್ಯಾರ?”

“ಡಾಕ್ಟರ್ ನಿನ್ನ ಹಾಳಿ ಓದಿಲ್ಲ.”

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಐವತ್ತು ವರ್ಷದಲ್ಲಿ ಆ ತಾಯಿ ನನಗೆ ಒಂದು ಕಟುಮಾತು ಆಡಿದವಳಲ್ಲ. ಅಂದೂ ಆಡಲಿಲ್ಲ. ಗಾಯ ಇನ್ನೂ ಹಸಿ ಇದೆ ಅಣ್ಣಾರ ಎಂದಷ್ಟೇ ಹೇಳಿ ಚಹಾ ಇಟ್ಟು ಒಳಗೆ ಹೋದಳು. ನಾನು ಅವನಿಗೆ ಬೇಡ ಎಂದೆ. ಬೈದೆ. ಕೈ ಮುಗಿದೆ. ಅವನು, ನಾನು ಹೇಳಿಕೊಂಡದ್ದು ದೇವರ ಹತ್ತಿರ, ಕಮಿಟಿಯ ಹತ್ತಿರ ಅಲ್ಲ, ನಡುವೆ ನೀನು ಬರಬೇಡ ಎಂದ. ಶುಕ್ರವಾರ ತಾನೇ ಕಾರ್ಯದರ್ಶಿಗೆ ಫೋನ್ ಮಾಡಿ ಬೆಲ್ಟು ಕಟ್ಟಿ ಬರುತ್ತೇನೆಂದು ತಿಳಿಸಿದ. ಮಧ್ಯಾಹ್ನಕ್ಕೆ ತಿದ್ದಿದ ಪಟ್ಟಿ ಬಂತು. ಅದರ ಕೆಳಗೆ ಹತ್ತಾರು ಜನ ಕೈ ಮುಗಿದ ಚಿತ್ರ ಹಾಕಿದರು. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು.

ರವಿವಾರ ಚೀಲದ ಕೋಣೆಯ ಬಾಗಿಲಲ್ಲಿ ಕಾರ್ಯದರ್ಶಿ ಪಟ್ಟಿ ಹಿಡಿದು ನಿಂತಿದ್ದ. ಒಬ್ಬೊಬ್ಬರ ಸೊಂಟ ನೋಡುವುದು, ಗುರುತು ಹಾಕುವುದು. ಟೇಲರ್ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ. ಬಿಳಿ ಅಂಗಿ, ಕರಿ ಪ್ಯಾಂಟು, ಐದು ಲೂಪು, ಕರಿ ಬೆಲ್ಟು. ಬಕಲ್ಲು ಗುಂಡಿಗಳ ನೇರಕ್ಕೆ, ಹುಣಸೆಹಣ್ಣಿನಲ್ಲಿ ಉಜ್ಜಿದ ಹಾಗೆ ಹೊಳೆಯುತ್ತಿತ್ತು. ಕಾರ್ಯದರ್ಶಿ ನೋಡಿದ, ಗುರುತು ಹಾಕಿದ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆ ಬಕಲ್ಲಿನ ಹಿಂದೆ ನಾಲ್ಕು ತಿಂಗಳ ಗಾಯವಿತ್ತು.

ಹಾಡು ಶುರುವಾಯಿತು. ನಾವು ನಾಲ್ವರೂ ಕೋಲು ಹಿಡಿದು ಹೊರಟೆವು. ನನ್ನ ಸಾಲು ಎಡಕ್ಕೆ, ಅವನದು ನನ್ನ ಪಕ್ಕಕ್ಕೆ. ನಾನು ಚೀಲ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಾ ನಡೆದೆ. ಎಲ್ಲಿ ನೋವಿಗೆ ತುಟಿ ಕಚ್ಚುತ್ತಾನೋ, ಎಲ್ಲಿ ಕೂತುಬಿಡುತ್ತಾನೋ ಎಂದು. ಅವನು ಬೆಂಚು ಬೆಂಚಿಗೂ ಕೋಲು ಚಾಚುತ್ತಾ, ಮಕ್ಕಳ ಮುಂದೆ ಚೀಲವನ್ನು ಸ್ವಲ್ಪ ತಗ್ಗಿಸುತ್ತಾ, ಹಾಡುತ್ತಾ ಹೋಗುತ್ತಿದ್ದ. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಒಬ್ಬ ಮುದುಕಿ ಕಾಣಿಕೆಯ ಲಕೋಟೆಯನ್ನು ಗಾಳಿಯಲ್ಲಿ ಹಿಡಿದು ಕೂತಿದ್ದಾಳೆ. ಒಂದು ಇಡೀ ಬೆಂಚನ್ನು ನಾನು ಬಿಟ್ಟು ಬಂದಿದ್ದೆ. ಎಲ್ಲರೂ ನೋಡುವಾಗ ಹಿಂದೆ ಹೋಗಿ ಎತ್ತಿಕೊಂಡು ಬಂದೆ. ಟೇಲರ್ ಆಗಲೇ ವೇದಿಕೆ ಮುಟ್ಟಿ ಚೀಲ ಒಪ್ಪಿಸಿ, ಕಣ್ಣು ಮುಚ್ಚಿ ನಿಂತಿದ್ದ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕುಂಬಳಕಾಯಿ, ಕೋಳಿಗಳ ಹರಾಜು ಶುರುವಾಯಿತು. ನಾನು ಅವನ ತೋಳು ಹಿಡಿದು ಚೀಲದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

“ಬಿಚ್ಚು ಅದನ್ನ. ಈಗ ಬಿಚ್ಚು.”

ಅವನು ಬಕಲ್ಲಿಗೆ ಕೈ ಹಾಕಲಿಲ್ಲ. ಪಕ್ಕದಲ್ಲಿ ಇಳಿಬಿದ್ದಿದ್ದ ಒಂದು ದಾರ ಎಳೆದ. ಬೆಲ್ಟು ಲೂಪುಗಳ ಸಮೇತ ಒಂದೇ ತುಂಡಾಗಿ ಕೈಗೆ ಬಂತು. ಅದು ಚರ್ಮವಲ್ಲ. ಕೋಟಿನ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆ, ಮೇಲೆ ಕರಿ ಬಟ್ಟೆ, ಅದರ ಮೇಲೆ ಬೂಟಿನ ಪಾಲಿಶ್. ಬಕಲ್ಲನ್ನು ಮುಂದೆ ಹೊಲಿದಿದ್ದ, ಅದು ಬಿಚ್ಚುವುದೂ ಇಲ್ಲ ಬಿಗಿಯುವುದೂ ಇಲ್ಲ. ಅದೇ ಗುರುವಾರ ಅವನ ಕೈಯಲ್ಲಿದ್ದ ಬಟ್ಟೆ. ಅಂಗಿಯ ಎರಡು ಗುಂಡಿ ತೆಗೆದು ತೋರಿಸಿದ: ಒಳಗೆ ಭುಜದ ಮೇಲಿಂದ ಎರಡು ಬಟ್ಟೆಯ ಪಟ್ಟಿ ಇಳಿದು ಪ್ಯಾಂಟನ್ನು ಎತ್ತಿ ಹಿಡಿದಿದ್ದವು. ಹೊಟ್ಟೆಗೂ ಪ್ಯಾಂಟಿಗೂ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಜಾಗವಿತ್ತು. ಗಾಯಕ್ಕೆ ಗಾಳಿಯ ಹೊರತು ಏನೂ ತಾಗುತ್ತಿರಲಿಲ್ಲ.

ನಾನು ಚೀಲದ ಪೆಟ್ಟಿಗೆಯ ಮೇಲೆ ಕೂತೆ. ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ಗುರುವಾರವೇ ಯಾಕೆ ಹೇಳಲಿಲ್ಲ, ಮೂರು ದಿನ ನನ್ನನ್ನು ಯಾಕೆ ಬೇಯಿಸಿದೆ ಎಂದು ಕೇಳಿದೆ. ಹೇಳಿದ್ದರೆ ನಿನ್ನ ಮುಖದಲ್ಲಿ ಗೊತ್ತಾಗುತ್ತಿತ್ತು, ನಿನಗೆ ಸುಳ್ಳು ಬರುವುದಿಲ್ಲ ಎಂದ. ಹಿಂದಿನ ವರ್ಷಗಳಲ್ಲಾದರೂ ನಿಜವಾದ ಬೆಲ್ಟು ಕಟ್ಟುತ್ತಿದ್ದೆಯಾ ಎಂದು ಕೇಳಿದೆ. ಈ ಪ್ರಶ್ನೆ ನನ್ನ ಬಾಯಿಂದ ಯಾಕೆ ಬಂತೋ. ಸೋಲುವುದಾದರೂ ಪೂರ್ತಿ ಸೋಲಬೇಕೆಂದಿತ್ತೋ ಏನೋ.

ಅವನು ಬಟ್ಟೆಯ ಬೆಲ್ಟನ್ನು ಸುತ್ತಿ ಕಿಸೆಗೆ ಹಾಕಿಕೊಂಡ.

“ಖರೇ ಬೆಲ್ಟ್ ನನ್ನ ಕಡೆ ಎಲ್ಲಿದಪಾ? ಇದ್ದದ್ದೊಂದು ಅಪ್ಪಗ ಕೊಟ್ಟೆ. ನೀನ ಬರಕೊಂಡಿದ್ದಿಯಲ್ಲ.”

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಬಾಗಿಲು ತಟ್ಟಿ ಒಳಗೆ ಬಂದ. ಅವನ ಮುಖದ ತುಂಬ ಸಂತೋಷ. ನೋಡಿ ಕಾಕಾ, ಎಲ್ಲ ಛಲೋ ಆಯಿತು, ನಿಮ್ಮ ನಿಯಮವೂ ಉಳಿಯಿತು, ಇವರ ಆಸೆಯೂ ತೀರಿತು ಎಂದ. ಅವನ ಕಣ್ಣ ಮುಂದೆಯೇ ಟೇಲರ್ ಬೆಲ್ಟಿಲ್ಲದೆ ನಿಂತಿದ್ದ. ಅವನು ಈಗ ಸೊಂಟ ನೋಡಲಿಲ್ಲ. ನೋಡುವ ಹೊತ್ತು ಮುಗಿದಿತ್ತು, ಗುರುತು ಹಾಕಿ ಆಗಿತ್ತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಟೇಲರ್ ನನ್ನ ಮೊಣಕೈ ಹಿಸುಕಿ ನಿಲ್ಲಿಸಿದ.

ನಾನು ಯಾರ ಮೇಲೆ ಸಿಟ್ಟಾಗಬೇಕು? ಆ ಹುಡುಗನ ಮೇಲೆಯೇ? ಅವನಿಗೆ ಸೊಂಟ ನೋಡಲು ಕಲಿಸಿದವನು ನಾನು. ಹರಕೆ ತೀರಿಸಲು ಬಂದ ಎಪ್ಪತ್ತು ದಾಟಿದ ಮನುಷ್ಯ ದೇವಾಲಯದ ಒಳಗೆ ಸುಳ್ಳು ಬೆಲ್ಟು ತೊಟ್ಟು ಬರಬೇಕಾಯಿತು. ಅಷ್ಟು ವರ್ಷ ನಾನು ಕಾಪಾಡಿದ ಶಿಸ್ತು ಒಂದು ಗಟ್ಟಿ ಬಟ್ಟೆಗೂ ಒಂದು ಡಬ್ಬಿ ಪಾಲಿಶ್‌ಗೂ ಮೋಸಹೋಗುವಷ್ಟೇ ಇತ್ತು. ಯಾರ ಪ್ಯಾಂಟೂ ಇಳಿಯಲಿಲ್ಲ. ಅಂದು ಬಾತುಕೋಳಿಯ ಹಾಗೆ ನಡೆದ ಹಿರಿಯರಿಗೆ ಬೇಕಾಗಿದ್ದದ್ದು ನಿಯಮವಲ್ಲ, ಅಳತೆಗೆ ಸರಿಯಾದ ಪ್ಯಾಂಟು. ಟೇಲರ್‌ನನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಹೊಲಿದು ಕೊಡುತ್ತಿದ್ದ. ನಾನು ಕೇಳಲಿಲ್ಲ. ಹಾಳೆ ತೆಗೆದುಕೊಂಡು ಬರೆದೆ. ಬರೆಯುವುದು ನನಗೆ ಹನ್ನೆರಡನೆಯ ವಯಸ್ಸಿನಿಂದ ರೂಢಿ.

ಲೇಥಿನ ಮುಂದೆ ಅಂಗಿಯನ್ನು ಕಟ್ಟಿಡಬೇಕು. ಅದನ್ನು ಈಗಲೂ ಹೇಳುತ್ತೇನೆ, ಚರ್ಮ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದ ಕಡೆ ಬೆಲ್ಟು ಬೇಕಾದವರು ಕಟ್ಟಲಿ, ಬೇಡವಾದವರು ಬಿಡಲಿ. ಇಷ್ಟು ಹೇಳಲು ನನಗೆ ಎಪ್ಪತ್ತನಾಲ್ಕು ವರ್ಷ ಬೇಕಾಯಿತು. ಮಾರ್ಚಿನ ಕೂಟಕ್ಕೆ ಅರ್ಜಿ ಬರೆದು ಕೊಟ್ಟಿದ್ದೇನೆ, ಒಂದೇ ಸಾಲು: ನಾಲ್ಕನೆಯ ನಿಯಮ ತೆಗೆಯಬೇಕು. ಕಾರಣ ಎಂಬ ಜಾಗ ಬಿಟ್ಟು, ಅದರಲ್ಲಿ ಎರಡು ಪುಟ ತುಂಬಿಸಿದ್ದೇನೆ.

ಹಬ್ಬದ ಮರುದಿನ, ಸೋಮವಾರ, ಆರೂಕಾಲಕ್ಕೆ ಮೊಳೆಯ ಮೇಲಿನ ಬೆಲ್ಟಿಗೆ ಕೈ ಹೋಯಿತು. ಕಟ್ಟಿಕೊಂಡೆ, ಕಟ್ಟದಿದ್ದರೆ ಪ್ಯಾಂಟು ನಿಲ್ಲುವುದಿಲ್ಲ. ಗೋಕುಲ ರಸ್ತೆಗೆ ಹೋದೆ. ಟೇಲರ್ ಆಪರೇಶನ್ ಆದ ಮೇಲೆ ಅದೇ ಮೊದಲ ಸಲ ಅಂಗಡಿ ತೆರೆದು ಕೂತಿದ್ದ. ಲೂಪಿಲ್ಲದ ಒಂದು ಪ್ಯಾಂಟು ಹೊಲಿದು ಕೊಡು ಎಂದೆ. ಅವನು ಎದ್ದು ಟೇಪು ಕೊರಳಿಗೆ ಹಾಕಿಕೊಂಡ. ಅಳತೆ ಎಷ್ಟು ಎಂದು ಕೇಳಿದ. ಮೂವತ್ತೆಂಟು ಎಂದೆ.

“ಬೆಲ್ಟ್ ತಗಿ. ಅದನ್ನ ಹಾಕ್ಕೊಂಡ್ರ ಅಳತಿ ಬರಂಗಿಲ್ಲ.”

ತೆಗೆದೆ. ಪ್ಯಾಂಟು ಜಾರಿತು. ಎರಡೂ ಕೈಯಿಂದ ಹಿಡಿದುಕೊಂಡೆ. ಅವನು ನನ್ನ ಕೈಗಳ ಕೆಳಗಿನಿಂದ ಟೇಪು ಸುತ್ತಿದ, ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಮೂವತ್ತನಾಲ್ಕು ಎಂದ. ನಿವೃತ್ತನಾದಾಗಿನಿಂದ ನಾನು ನಾಲ್ಕು ಇಂಚು ಇಳಿದಿದ್ದೆ. ಪ್ರತಿ ಬೆಳಿಗ್ಗೆ ಬೆಲ್ಟು ಬಿಗಿದು ಅದನ್ನು ನನ್ನಿಂದಲೇ ಮುಚ್ಚಿಟ್ಟುಕೊಂಡಿದ್ದೆ.

ಎದುರಿನ ಅಂಗಡಿಯಿಂದ ಚಹಾ ಬಂತು, ಒಂದೇ ಲೋಟ. ನನ್ನ ಬೆಲ್ಟನ್ನು ಅವನು ತನ್ನ ಹಿಂದಿನ ಗೂಟಕ್ಕೆ ಹಾಕಿದ್ದ, ನನ್ನ ಕೈಗೆ ಸಿಗದ ಕಡೆ. ಮಷೀನಿನ ಮುಂದೆ ಆರಾಮವಾಗಿ ಕೂತು ಲೋಟ ಕೈಗೆತ್ತಿಕೊಂಡ.

“ನಿಂತಿರಪಾ ಮಾನಿಟರ್. ನಾ ಚಹಾ ಕುಡೀತೇನಿ.”

ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. ಪಂಕ್ಚರ್ ಅಂಗಡಿಯವನು ಕೆಲಸ ನಿಲ್ಲಿಸಿ ನೋಡಿದ. ನನಗೆ ಕಿವಿಯವರೆಗೆ ಸಿಟ್ಟು ಏರಿತು. ಬೆಳಿಗ್ಗೆಯಿಂದ ನಾನೂ ಚಹಾ ಕುಡಿದಿರಲಿಲ್ಲ. ಅವನು ಊದಿ ಊದಿ, ಒಂದೊಂದೇ ಗುಟುಕು, ಬಹಳ ನಿಧಾನವಾಗಿ ಕುಡಿದ. ನಾನು ಎರಡೂ ಕೈಯಿಂದ ಪ್ಯಾಂಟು ಹಿಡಿದು, ಲೋಟ ಬ‌ರಿದಾಗುವವರೆಗೆ ನಿಂತೆ.